ಗೊಟ್ಟಿಗೆರೆ ಟೆರೇಸ್‌ನ ಕಾರ್ಬನ್ ಬಾನೆಟ್, ಮತ್ತು ಬೆಂಗಳೂರು ಮರೆತ ಫೈಬರ್ ಕಾರು

ಇವತ್ತಿನ ಸಂಚಿಕೆ ಶುರುವಾಗೋದು ನಮ್ಮ ಗೊಟ್ಟಿಗೆರೆಯ ಒಂದು ಮನೆ ಟೆರೇಸ್ ಮೇಲೆ. ನನ್ನ ಫ್ರೆಂಡ್ ಒಬ್ಬ ಇದಾನೆ. ಅವನ ಹತ್ರ ಅವರಪ್ಪನ ಹಳೇ ಮಾರುತಿ 800 ಇದೆ. ಅದನ್ನ ಆದಷ್ಟು ಹಗುರ ಮಾಡಬೇಕು ಅನ್ನೋದು ಇವನ ಹುಚ್ಚು. ಮೊದಲ ಹೆಜ್ಜೆ, ಮನೆಯಲ್ಲೇ ಕಾರ್ಬನ್ ಫೈಬರ್ ಬಾನೆಟ್ ಮಾಡೋದು.

ಕೆಲಸ ಹೇಗೆ ಅಂತ ಕೇಳಿ. ಮೊದಲು ಹಳೇ ಬಾನೆಟ್‌ಗೆ ವ್ಯಾಕ್ಸ್ ಬಳಿದು, ಅದರ ಮೇಲೆ ಗ್ಲಾಸ್ ಫೈಬರ್‌ನಲ್ಲಿ ಅಚ್ಚು ತೆಗೀಬೇಕು. ಆಮೇಲೆ ಅಚ್ಚಿನೊಳಗೆ ಕಪ್ಪು ಕಾರ್ಬನ್ ಬಟ್ಟೆಯನ್ನ ಪದರ ಪದರವಾಗಿ ಹಾಸಿ ಎಪಾಕ್ಸಿ ರೆಸಿನ್ ಕುಡಿಸಬೇಕು. ಮೇಲೆ ಪ್ಲಾಸ್ಟಿಕ್ ಹಾಳೆ ಮುಚ್ಚಿ, ಸುತ್ತ ಅಂಟು ಟೇಪ್ ಹಾಕಿ, ಒಳಗಿನ ಗಾಳಿ ಎಳೀಬೇಕು. ಗಾಳಿ ಹೋದ ಹಾಗೆ ಹೊರಗಿನ ವಾತಾವರಣದ ಒತ್ತಡವೇ ಪದರಗಳನ್ನ ಒಂದಕ್ಕೊಂದು ಒತ್ತಿ ಹಿಡಿಯುತ್ತೆ. ಅದಕ್ಕೆ ಬೇಕಾದ ಪಂಪ್ ಎಲ್ಲಿಂದ ಬಂತು ಗೊತ್ತಾ? ಗುಜರಿ ಅಂಗಡಿಯಿಂದ ತಂದ ಹಳೇ ಫ್ರಿಜ್ಜಿನ ಕಂಪ್ರೆಸರ್!

ಎಲ್ಲಾ ಚೆನ್ನಾಗೇ ನಡೀತಿತ್ತು. ರೆಸಿನ್ ಇನ್ನೂ ಹಸಿಯಾಗಿದ್ದಾಗ ಕರೆಂಟ್ ಹೋಯ್ತು. ಮುಕ್ಕಾಲು ಗಂಟೆ. ಎಲ್ಲೋ ಸಣ್ಣದಾಗಿ ಲೀಕ್ ಇದ್ದಿರಬೇಕು, ಹಾಳೆ ಮೆಲ್ಲಗೆ ಸಡಿಲವಾಯ್ತು.

ಆದರೂ ಮಾರನೇ ದಿನ ಬಾನೆಟ್ ಅಚ್ಚಿನಿಂದ ಸಲೀಸಾಗಿ ಬಿಟ್ಟಿತು. ಕಪ್ಪಗೆ ಮಿರಿಮಿರಿ ಮಿಂಚುತ್ತಾ, ಒಂದೇ ಕೈಲಿ ಎತ್ತೋ ಅಷ್ಟು ಹಗುರ. ಹೇಗಿದೆ ಅಂತ ನೋಡೋಕೆ ನಮ್ಮ ದೊಡ್ಡಪ್ಪನ್ನ ಕರ್ಕೊಂಡು ಹೋದೆ. ಅವರು 80ರ ದಶಕದಲ್ಲಿ ಜಯನಗರದ ಒಂದು ಗ್ಯಾರೇಜ್‌ನಲ್ಲಿ ಟಿಂಕರಿಂಗ್ ಕೆಲಸ ಮಾಡ್ತಿದ್ದವರು. ಅವರು ಬಾನೆಟ್‌ನ ಬಣ್ಣನೂ ನೋಡಲಿಲ್ಲ, ಹೊಳಪನ್ನೂ ನೋಡಲಿಲ್ಲ. ಬೆರಳ ಗೆಣ್ಣಿನಿಂದ ಉದ್ದಕ್ಕೂ ತಟ್ಟುತ್ತಾ ಹೋದರು. ಟಣ್, ಟಣ್, ಟಣ್... ಮುಂದೆ ಲಾಕ್ ಕೂರೋ ಜಾಗದ ಹತ್ರ ಬಂದಾಗ, ಡಬ್.

"ಇಲ್ಲಿ ಪದರ ಬಿಟ್ಟಿದೆ ಕಣೋ," ಅಂದ್ರು. "ಡಾಲ್ಫಿನ್ ಕಾರಲ್ಲೂ ಹೀಗೇ ಆಗ್ತಿತ್ತು."

ಡಾಲ್ಫಿನ್? ಯಾವ ಡಾಲ್ಫಿನ್? ನಮ್ಮಿಬ್ಬರಿಗೂ ಹೆಸರೇ ಗೊತ್ತಿರಲಿಲ್ಲ. ಇವತ್ತಿನ ಕಥೆ ಅದೇ.

70ರ ದಶಕದ ಇಂಡಿಯಾ ನೆನಪಿಸಿಕೊಳ್ಳಿ. ಕಾರು ಅಂದ್ರೆ ಅಂಬಾಸಿಡರ್, ಇಲ್ಲಾ ಪ್ರೀಮಿಯರ್ ಪದ್ಮಿನಿ. ದುಡ್ಡು ಕಟ್ಟಿ ವರ್ಷಗಟ್ಟಲೆ ಕಾಯಬೇಕು. ಆ ಕಾಲದಲ್ಲಿ ಬೆಂಗಳೂರಿನ ಸನ್‌ರೈಸ್ ಅನ್ನೋ ಕಂಪನಿ ಬಾದಲ್ ಅನ್ನೋ ಮೂರು ಚಕ್ರದ ಕಾರು ತಂತು. ಅದರ ಬಾಡಿ ಉಕ್ಕಿನದಲ್ಲ, ಗ್ಲಾಸ್ ಫೈಬರ್‌ದು. ಇದೇ ಕಂಪನಿ ಮುಂದೆ ಸಿಪಾನಿ ಆಟೊಮೊಬೈಲ್ಸ್ ಆಯ್ತು. 1982ರಲ್ಲಿ ಅವರು ಇಂಗ್ಲೆಂಡಿನ ರಿಲಯಂಟ್ ಕಂಪನಿಯ ಕಿಟನ್ ಅನ್ನೋ ಕಾರಿನ ವಿನ್ಯಾಸ ತಗೊಂಡು ಡಾಲ್ಫಿನ್ ಮಾಡಿದರು. ಎರಡು ಬಾಗಿಲು, 848 ಸಿಸಿಯ ಅಲ್ಯೂಮಿನಿಯಂ ಎಂಜಿನ್, ಫೈಬರ್ ಬಾಡಿ. ಮೂಲ ಕಿಟನ್ ತೂಕ 500 ಕೆಜಿ ಆಸುಪಾಸು. ಅಂಬಾಸಿಡರ್ ಒಂದು ಟನ್‌ಗೂ ಜಾಸ್ತಿ. ಹಗುರ ಇದ್ದಿದ್ದಕ್ಕೇ ಡಾಲ್ಫಿನ್ ರೇಸು, ರ‍್ಯಾಲಿಗಳಲ್ಲಿ ಹೆಸರು ಮಾಡಿತು.

ಒಂದು ಸಣ್ಣ ಕಂಪನಿ ಉಕ್ಕು ಬಿಟ್ಟು ಫೈಬರ್ ಯಾಕೆ ಹಿಡೀತು? ನಾನು ಬಿ.ಕಾಂ. ಓದಿದವನು, ನನಗೆ ಇದು ಕಾಸ್ಟಿಂಗ್ ಲೆಕ್ಕದ ಥರ ಕಾಣುತ್ತೆ. ಉಕ್ಕಿನ ಬಾನೆಟ್ ಮಾಡಬೇಕಾದ್ರೆ ದೈತ್ಯ ಪ್ರೆಸ್ ಬೇಕು, ಪ್ರತಿ ಪ್ಯಾನೆಲ್‌ಗೂ ಬೇರೆ ಡೈ ಬೇಕು. ಮೊದಲ ಬಾನೆಟ್ ಹೊರಗೆ ಬರೋ ಮೊದಲೇ ರಾಶಿ ಬಂಡವಾಳ ಮುಗಿದಿರುತ್ತೆ. ಆದರೆ ಆಮೇಲೆ ಒಂದೊಂದು ಬಾನೆಟ್ ಸೆಕೆಂಡುಗಳಲ್ಲಿ, ಅಗ್ಗವಾಗಿ ಬೀಳುತ್ತೆ. ಫೈಬರ್‌ದು ಪೂರ್ತಿ ಉಲ್ಟಾ. ಅಚ್ಚು ಅಗ್ಗ, ಪ್ರೆಸ್ ಬೇಡವೇ ಬೇಡ. ಆದರೆ ಪ್ರತಿ ತುಂಡನ್ನೂ ಒಬ್ಬ ಮನುಷ್ಯ ಕೈಯಾರೆ ಹಾಸಿ, ರೆಸಿನ್ ಬಳಿದು, ಗಟ್ಟಿಯಾಗೋ ತನಕ ಕಾಯಬೇಕು. ಅಂದ್ರೆ ಕಡಿಮೆ ಮಾಡೋನಿಗೆ ಫೈಬರ್, ಲಕ್ಷಗಟ್ಟಲೆ ಮಾಡೋನಿಗೆ ಉಕ್ಕು.

ಆ ಲಕ್ಷಗಟ್ಟಲೆ ಮಾಡೋನು 1983ರ ಡಿಸೆಂಬರ್‌ನಲ್ಲಿ ಬಂದೇಬಿಟ್ಟ. ಹೆಸರು ಮಾರುತಿ 800. ಸರ್ಕಾರದ ಬೆಂಬಲ, ಸುಜುಕಿಯ ತಂತ್ರಜ್ಞಾನ, ನಾಲ್ಕು ಬಾಗಿಲು, ಉಕ್ಕಿನ ಬಾಡಿ. ಡಾಲ್ಫಿನ್ ಉಸಿರು ಕಟ್ಟಿತು. 1987ರಲ್ಲಿ ಸಿಪಾನಿಯವರು ಬಾಗಿಲು ಜಾಸ್ತಿ ಮಾಡಿ ಮೊಂಟಾನಾ ತಂದರು. ಅಷ್ಟರಲ್ಲಿ ಹೊತ್ತು ಮೀರಿತ್ತು.

ದೊಡ್ಡಪ್ಪ ಹೇಳೋದು ಇನ್ನೊಂದು ಕಾರಣ. "ಗಿರಾಕಿಗಳು ಬಂದು ಬಾಡಿ ತಟ್ಟಿ ನೋಡೋರು. ಟಣ್ ಅನ್ನೋ ತಗಡಿನ ಸದ್ದು ಬರ್ತಿರಲಿಲ್ಲ. 'ಅಯ್ಯೋ ಪ್ಲಾಸ್ಟಿಕ್ಕು' ಅಂತ ಹೊರಟುಬಿಡೋರು." ಟಿಂಕರಿಂಗ್‌ನವರಿಗೂ ತಲೆನೋವು. ತಗಡು ಬಾಗಿದ್ರೆ ಸುತ್ತಿಗೆಯಲ್ಲಿ ಬಡಿದು ಸರಿ ಮಾಡಬಹುದು. ಫೈಬರ್ ಬಾಗಲ್ಲ, ಸೀಳುತ್ತೆ. ದೊಡ್ಡಪ್ಪ ಮ್ಯಾಟ್ ಕತ್ತರಿಸಿ, ರೆಸಿನ್ ಬಳಿದು ತೇಪೆ ಹಾಕೋದನ್ನ ಹೊಸದಾಗಿ ಕಲಿತರು. ಎಲ್ಲಿ ತೇಪೆ ಹಾಕಬೇಕು ಅಂತ ತಟ್ಟಿ ತಿಳಿಯೋದನ್ನೂ ಕಲಿತರು.

ಡಾಲ್ಫಿನ್‌ನಲ್ಲಿ ಇದ್ದದ್ದು ಗ್ಲಾಸ್ ಫೈಬರ್. ಕಾರ್ಬನ್ ಅದರ ದುಬಾರಿ ಅಣ್ಣ. ಒಂದೇ ಗಾತ್ರದ ಉಕ್ಕು 5 ಕೆಜಿ ತೂಗಿದರೆ ಕಾರ್ಬನ್ ಫೈಬರ್ ತುಂಡು ಸುಮಾರು 1 ಕೆಜಿ. ಆದರೆ ಈ ಅಣ್ಣ ನಂಬಿದವರನ್ನ ಮುಳುಗಿಸಿದ್ದೂ ಉಂಟು. ಬ್ರಿಟನ್ನಿನ ರೋಲ್ಸ್ ರಾಯ್ಸ್ 60ರ ದಶಕದ ಕೊನೆಗೆ ತನ್ನ ಹೊಸ ಜೆಟ್ ಎಂಜಿನ್‌ಗೆ ಕಾರ್ಬನ್ ಫೈಬರ್ ಬ್ಲೇಡ್ ಹಾಕೋಕೆ ಹೊರಟಿತು. ಹಕ್ಕಿ ಬಡಿದ್ರೆ ಏನಾಗುತ್ತೆ ಅನ್ನೋ ಪರೀಕ್ಷೆಯಲ್ಲಿ ಬ್ಲೇಡ್ ಚೂರಾಯ್ತು. ಮತ್ತೆ ಟೈಟಾನಿಯಂಗೆ ವಾಪಸ್. ಆ ಎಂಜಿನ್ನಿನ ಖರ್ಚು ಎಷ್ಟು ಏರಿತು ಅಂದ್ರೆ, 1971ರ ಫೆಬ್ರವರಿಯಲ್ಲಿ ಕಂಪನಿಯೇ ದಿವಾಳಿ ಎದ್ದಿತು.

ಹತ್ತು ವರ್ಷ ಆದ ಮೇಲೆ, 1981ರಲ್ಲಿ, ಮೆಕ್ಲಾರೆನ್ ತಂಡ ಕಾರ್ಬನ್ ಫೈಬರ್ ಚಾಸಿಯ ಫಾರ್ಮುಲಾ 1 ಕಾರು ಇಳಿಸಿತು. ಅಪಘಾತ ಆದ್ರೆ ಪುಡಿ ಪುಡಿ ಆಗುತ್ತೆ ಅಂತ ತುಂಬಾ ಜನ ಹೆದರಿದ್ದರು. ಅದೇ ವರ್ಷ ಮೊಂಜಾದಲ್ಲಿ ಜಾನ್ ವಾಟ್ಸನ್ ಕಾರು ತಡೆಬೇಲಿಗೆ ಗುದ್ದಿ ಎರಡು ಭಾಗ ಆಯ್ತು. ವಾಟ್ಸನ್ ಎದ್ದು ನಡೆದುಕೊಂಡು ಬಂದ. ಅವತ್ತಿನಿಂದ ರೇಸಿಂಗ್ ಲೋಕ ತಿರುಗಿ ನೋಡಲಿಲ್ಲ.

ಮತ್ತೆ ನಮ್ಮೂರಿಗೆ ಬರೋಣ. ಡಾಲ್ಫಿನ್ ಸೋತ ಊರಲ್ಲೇ ಎನ್‌ಎಎಲ್, ಅಂದ್ರೆ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ, ಇದೇ ವಿದ್ಯೆಯನ್ನ ಕಲೀತಿತ್ತು. 1993ರ ನವೆಂಬರ್‌ನಲ್ಲಿ ಅವರ ಹಂಸ ವಿಮಾನ ಹಾರಿತು. ಎರಡು ಸೀಟಿನ ಆ ತರಬೇತಿ ವಿಮಾನದ ಮೈಯೆಲ್ಲಾ ಫೈಬರ್. ಆಮೇಲೆ ತೇಜಸ್ ಯುದ್ಧವಿಮಾನ. 2001ರ ಜನವರಿ 4ರಂದು ಬೆಂಗಳೂರಿನ ಆಕಾಶದಲ್ಲಿ ಅದರ ಮೊದಲ ಹಾರಾಟ. ತೇಜಸ್ ಒಡಲಿನ ತೂಕದಲ್ಲಿ ಸುಮಾರು 45 ಶೇಕಡಾ ಇಂಥ ಕಾಂಪೊಸಿಟ್‌ನದು, ರೆಕ್ಕೆಗಳೂ ಕಾರ್ಬನ್ ಫೈಬರ್‌ನವೇ. ಅದೇ 2001ರಲ್ಲಿ ಬೆಂಗಳೂರಿನ ರೇವಾ ಎಲೆಕ್ಟ್ರಿಕ್ ಕಾರೂ ರಸ್ತೆಗೆ ಬಂತು. ಉಕ್ಕಿನ ಚೌಕಟ್ಟು, ಪ್ಲಾಸ್ಟಿಕ್ ಪ್ಯಾನೆಲ್. ಮತ್ತೆ ಅದೇ ಲೆಕ್ಕ: ಕಡಿಮೆ ಮಾಡೋನಿಗೆ ಉಕ್ಕಿನ ಡೈ ಕೈಗೆಟುಕಲ್ಲ.

ಯುದ್ಧವಿಮಾನವೂ ಸಾವಿರಾರು ಮಾಡೋ ವಸ್ತುವಲ್ಲ. ಅಲ್ಲೂ ಬಟ್ಟೆ ಹಾಸೋದೇ, ಅಲ್ಲೂ ಗಾಳಿ ಎಳೆಯೋದೇ. ಹಾಗಾದ್ರೆ ತೇಜಸ್ ರೆಕ್ಕೆಗೂ ನಮ್ಮ ಟೆರೇಸ್ ಬಾನೆಟ್‌ಗೂ ಏನು ವ್ಯತ್ಯಾಸ? ಒಂದು, ಆಟೊಕ್ಲೇವ್. ದೊಡ್ಡ ಪ್ರೆಶರ್ ಕುಕ್ಕರ್ ಅಂತ ಇಟ್ಕೊಳ್ಳಿ, ಬಿಸಿ ಮತ್ತು ಒತ್ತಡ ಎರಡೂ ಲೆಕ್ಕದ ಪ್ರಕಾರ ಕೊಡುತ್ತೆ. ಎರಡನೇದು ಅದಕ್ಕಿಂತ ಮುಖ್ಯ: ಪರೀಕ್ಷೆ. ವಿಮಾನದ ಭಾಗವನ್ನ ಅಲ್ಟ್ರಾಸೌಂಡ್ ಹಾಕಿ, ಒಳಗೆ ಎಲ್ಲಿ ಪದರ ಬಿಟ್ಟಿದೆ ಅಂತ ಹುಡುಕ್ತಾರೆ. ಯಾಕಂದ್ರೆ ಕಾರ್ಬನ್‌ನ ತೊಂದರೆ ಕಣ್ಣಿಗೆ ಕಾಣಲ್ಲ. ಉಕ್ಕು ಮುರಿಯೋ ಮೊದಲು ಬಾಗಿ ಎಚ್ಚರಿಕೆ ಕೊಡುತ್ತೆ. ಇದು ಮಿಂಚುತ್ತಾ ಇರುತ್ತೆ, ಒಂದು ದಿನ ಪಟ್ ಅಂತ ಮುರಿಯುತ್ತೆ.

ಅಗ್ಗದ ಅಚ್ಚು ಮತ್ತು ಕೈಕೆಲಸ, ಇವೆರಡರಿಂದ ಫೈಬರ್ ಟೆರೇಸ್ ತನಕ ಬಂತು. ಆದರೆ ಪರೀಕ್ಷೆ ಮಾಡೋ ಖರ್ಚು ಜೊತೆಗೆ ಬರಲಿಲ್ಲ. ಸಾವಿರ ಕಾರು ಮಾಡೋನು ಒಂದನ್ನ ಗೋಡೆಗೆ ಗುದ್ದಿ ನೋಡ್ತಾನೆ, ಆ ಖರ್ಚನ್ನ ಸಾವಿರಕ್ಕೂ ಹಂಚ್ತಾನೆ. ಒಂದೇ ಬಾನೆಟ್ ಮಾಡೋನು ಏನನ್ನ ಗುದ್ದಿ ನೋಡ್ಬೇಕು? ನಮ್ಮ ದೊಡ್ಡಪ್ಪನ ಬೆರಳ ಗೆಣ್ಣು ಇಲ್ಲದಿದ್ದರೆ, ಆ ಟೊಳ್ಳು ಗೊತ್ತಾಗ್ತಿದ್ದದ್ದು ನೈಸ್ ರೋಡ್‌ನಲ್ಲಿ, ಲಾಕ್ ಕಿತ್ತು ಬಾನೆಟ್ ಗಾಜಿಗೆ ಬಡಿದಾಗ. ಅಂದ ಹಾಗೆ, ದೊಡ್ಡಪ್ಪ ಮಾಡಿದ್ದು ಹಳೇ ಕಾಲದ ಚೇಷ್ಟೆ ಅಲ್ಲ. ನಾಣ್ಯದಲ್ಲಿ ತಟ್ಟಿ ಸದ್ದು ಕೇಳೋದು ವಿಮಾನದ ಕಾಂಪೊಸಿಟ್ ಭಾಗಗಳಿಗೂ ಇವತ್ತಿಗೂ ಮಾಡೋ ತಪಾಸಣೆ. ಒಂದು ಕಾಲದಲ್ಲಿ ಡಾಲ್ಫಿನ್ ಬೇಡ ಅನ್ನೋಕೆ ಬಳಸಿದ ಅದೇ ತಟ್ಟುವಿಕೆ.

ಫ್ರೆಂಡ್ ಎರಡು ದಿನ ಮುಖ ಊದಿಸಿಕೊಂಡಿದ್ದ. "ಮಗಾ, ಅಷ್ಟು ದುಡ್ಡು ಹಾಕಿದೀನಿ," ಅಂತ. ಮೂರನೇ ದಿನ ಅವನೇ ಬಾನೆಟ್‌ನ ಅಡ್ಡಡ್ಡ ಕೊಯ್ದ. ಮಾಸ್ಕ್, ಗ್ಲೌಸ್ ಹಾಕ್ಕೊಂಡೇ ಕೊಯ್ದ, ಆ ಕಪ್ಪು ಧೂಳು ಶ್ವಾಸಕೋಶಕ್ಕೂ ಚರ್ಮಕ್ಕೂ ಒಳ್ಳೇದಲ್ಲ. ಲಾಕ್ ಜಾಗದಲ್ಲಿ ಪದರಗಳ ಮಧ್ಯೆ ಉಗುರು ತೂರೋ ಅಷ್ಟು ಸಂದು ಇತ್ತು. ಈಗ ಆ ಎರಡು ತುಂಡು ಟೆರೇಸ್ ಗೋಡೆಗೆ ಒರಗಿವೆ, ಕಾರಲ್ಲಿ ಉಕ್ಕಿನ ಬಾನೆಟ್ಟೇ ಇದೆ. ಮುಂದಿನದನ್ನ ಕನ್ನಡಿಯ ಹಿಂಬದಿ ಕವರ್‌ನಿಂದ ಶುರು ಮಾಡ್ತಾನಂತೆ. ಕಿತ್ತು ಹೋದ್ರೂ ಯಾರ ಜೀವಕ್ಕೂ ಅಪಾಯ ಇಲ್ಲದ ಭಾಗ. ಈ ಸಲ ಯುಪಿಎಸ್ ಬೇರೆ ತಂದಿದಾನೆ.

ನಿಮ್ಮ ಮನೆ ಹಳೇ ಆಲ್ಬಮ್‌ನಲ್ಲಿ ಬಾದಲ್ ಅಥವಾ ಡಾಲ್ಫಿನ್ ಕಾರಿನ ಫೋಟೋ ಇದ್ರೆ, ಅದನ್ನ ಓಡಿಸಿದವರು ಯಾರಾದ್ರೂ ಮನೇಲಿ ಇದ್ರೆ, ಅವರ ಮಾತನ್ನ ಫೋನಲ್ಲಿ ರೆಕಾರ್ಡ್ ಮಾಡಿ ಇಟ್ಕೊಳ್ಳಿ. ದೊಡ್ಡಪ್ಪನ್ನ ನಾನು ಕೇಳಿದ್ದು ತುಂಬಾ ತಡವಾಗಿ.