ಬೀಡುಕಬ್ಬಿಣದೊಳಗಿನ ಗಾಳಿಯ ಹಾದಿ

ಪೆಟ್ರೋಲ್ ಎಂಜಿನ್ನಿಗೆ ಇಂಧನವನ್ನು ಹೆಚ್ಚಿಸಿ ಕೊಡುವುದು ಎಂದೂ ದೊಡ್ಡ ಕೆಲಸವಾಗಿರಲಿಲ್ಲ. ಕಾರ್ಬ್ಯುರೇಟರಿನ ಜೆಟ್ಟನ್ನು ಬದಲಿಸಿದರೆ ಅದು ಮುಗಿಯುತ್ತಿತ್ತು. ಆ ಇಂಧನ ಉರಿಯಲು ಬೇಕಾದ ಗಾಳಿಯನ್ನು ಸಿಲಿಂಡರಿಗೆ ತುಂಬಿಸುವುದೇ ಕಷ್ಟವಾಗಿತ್ತು, ಏಕೆಂದರೆ ನಿಮಿಷಕ್ಕೆ 6000 ಸುತ್ತು ತಿರುಗುವ ಎಂಜಿನ್ನಿನಲ್ಲಿ ಪಿಸ್ಟನ್ ಒಮ್ಮೆ ಕೆಳಗಿಳಿದು ಗಾಳಿಯನ್ನು ಒಳಗೆಳೆಯುವುದಕ್ಕೆ ಸಿಗುವ ಕಾಲ ಒಂದು ಸೆಕೆಂಡಿನ ಇನ್ನೂರರಲ್ಲಿ ಒಂದು ಪಾಲು ಮಾತ್ರ. ಅಷ್ಟು ಅಲ್ಪ ಕಾಲದಲ್ಲಿ ಗಾಳಿ ಹಾದುಬರಬೇಕಾದ ಭಾಗವೇ ಸಿಲಿಂಡರ್ ಹೆಡ್, ಎಂದರೆ ಸಿಲಿಂಡರುಗಳ ಬಾಯನ್ನು ಮೇಲಿನಿಂದ ಮುಚ್ಚಿ ವಾಲ್ವುಗಳನ್ನೂ ಸ್ಪಾರ್ಕ್ ಪ್ಲಗ್ಗುಗಳನ್ನೂ ಹೊತ್ತು ನಿಲ್ಲುವ ಎರಕದ ಗಟ್ಟಿ. ಅದರೊಳಗೆ ಗಾಳಿ ಬರುವುದಕ್ಕೂ ಹೊಗೆ ಹೋಗುವುದಕ್ಕೂ ಬಿಟ್ಟಿರುವ ಸುರಂಗಗಳನ್ನು ಪೋರ್ಟ್‌ಗಳೆಂದೂ, ಅವುಗಳ ಗೋಡೆಯನ್ನು ಉಜ್ಜುಕಲ್ಲಿನಿಂದಲೂ ಕೆತ್ತುವ ಬಿಟ್‌ಗಳಿಂದಲೂ ತಿದ್ದುವ ಕಸುಬನ್ನು ಪೋರ್ಟಿಂಗ್ ಎಂದೂ, ತಿದ್ದಿದ ಹಾದಿಯಲ್ಲಿ ಎಷ್ಟು ಗಾಳಿ ಹರಿಯುತ್ತದೆಂದು ಯಂತ್ರವಿಟ್ಟು ಅಳೆಯುವುದನ್ನು ಫ್ಲೋ ಟೆಸ್ಟಿಂಗ್ ಎಂದೂ ಕರೆಯುತ್ತಾರೆ. ಈ ಕಸುಬಿನ ಚರಿತ್ರೆಯನ್ನು ಸಾಮಾನ್ಯವಾಗಿ ರೇಸಿಂಗ್ ವಿಜಯಗಳ ನೆರಳಿನಲ್ಲಿಟ್ಟು ಬರೆಯಲಾಗಿದೆಯಾದರೂ, ದಿನಬಳಕೆಯ ಅಗ್ಗದ ಕಾರುಗಳ ಬೀಡುಕಬ್ಬಿಣದ ಹೆಡ್ಡುಗಳ ಮೇಲೆ ನಡೆದ ಕೆಲಸವನ್ನು ಹಿಂಬಾಲಿಸಿದರೆ, ಕೈಯ ನಂಬಿಕೆಗಳನ್ನು ಅಳತೆ ನಿಧಾನವಾಗಿ ತಿದ್ದಿದ ಕಥೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಬೀಡುಕಬ್ಬಿಣದ ಹೆಡ್ಡು ಹುಟ್ಟುವುದು ಮರಳಿನ ಅಚ್ಚಿನಲ್ಲಿ. ಪೋರ್ಟ್‌ಗಳೂ, ಅವುಗಳ ಸುತ್ತ ತಣ್ಣೀರು ಹರಿಯುವ ಟೊಳ್ಳುಗಳೂ ಅಚ್ಚಿನೊಳಗೆ ಇಟ್ಟ ಮರಳಿನ ತಿರುಳುಗಳಿಂದ ರೂಪುಗೊಳ್ಳುತ್ತವೆ. ತಿರುಳು ಕೂದಲೆಳೆಯಷ್ಟು ಸರಿದರೂ ಒಂದು ಕಡೆಯ ಗೋಡೆ ದಪ್ಪವಾಗಿ ಇನ್ನೊಂದು ಕಡೆಯದು ತೆಳುವಾಗುತ್ತದೆ. ದಿನಕ್ಕೆ ನೂರಾರು ಹೆಡ್ಡುಗಳನ್ನು ಎರೆಯಬೇಕಾದ ಕಾರ್ಖಾನೆಗೆ ಆ ವ್ಯತ್ಯಾಸ ಲೆಕ್ಕಕ್ಕೆ ಬರುವಂಥದ್ದಲ್ಲ. ಹೀಗಾಗಿ ಕಾರ್ಖಾನೆಯಿಂದ ಹೊರಬಂದ ಹೆಡ್ಡಿನ ಒಳಮೈ ಒರಟಾಗಿ, ವಾಲ್ವಿನ ಕೆಳಗಿನ ಬಟ್ಟಲಿನಂಥ ಭಾಗದಲ್ಲಿ ಯಂತ್ರದ ಕತ್ತರಿಯೂ ಎರಕದ ಮೈಯೂ ಕೂಡುವಲ್ಲಿ ಮೆಟ್ಟಿಲು ಬಿದ್ದು, ಪೋರ್ಟ್‌ಗಳಿಗೆ ಹೊರಗಿನಿಂದ ಜೋಡಿಸುವ ಕೊಳವೆಗಳ ಗುಚ್ಛವಾದ ಮ್ಯಾನಿಫೋಲ್ಡಿನ ಬಾಯಿ ಪೋರ್ಟಿನ ಬಾಯಿಗೆ ಸರಿಹೊಂದದೆ ಇರುವುದು ಸಾಮಾನ್ಯವಾಗಿತ್ತು. ಪೋರ್ಟಿಂಗ್ ಕಸುಬು ಬದುಕಿದ್ದೇ ಈ ಉಳಿಕೆಯ ಮೇಲೆ.

ಇದಕ್ಕೆ ಬ್ರಿಟನ್ನಿನ ಎ-ಸೀರೀಸ್ ಎಂಜಿನ್ನಿಗಿಂತ ಒಳ್ಳೆಯ ನಿದರ್ಶನ ಸಿಗುವುದು ಕಷ್ಟ. 1951ರಲ್ಲಿ ಆಸ್ಟಿನ್ ಎ30 ಎಂಬ ಪುಟ್ಟ ಕಾರಿನಲ್ಲಿ 803 ಸಿಸಿ ಗಾತ್ರದೊಂದಿಗೆ ಬಂದು, 1959ರಲ್ಲಿ ಮಿನಿ ಕಾರಿಗೆ 848 ಸಿಸಿಯಾಗಿ ಅಡ್ಡಲಾಗಿ ಕೂತು, ಮೂಲ ಮಿನಿಯ ತಯಾರಿಕೆ 2000ದಲ್ಲಿ ನಿಲ್ಲುವವರೆಗೂ ಮುಂದುವರಿದ ಈ ಎಂಜಿನ್ನಿನ ಹೆಡ್ಡು ಒಂದೇ ಎರಕದ ಕಬ್ಬಿಣದ ಗಟ್ಟಿ. ವಾಲ್ವುಗಳನ್ನು ಎತ್ತುವ ಪುಷ್‌ರಾಡ್ ಎಂಬ ಸರಳುಗಳೂ ಪೋರ್ಟ್‌ಗಳೂ ಹೆಡ್ಡಿನ ಒಂದೇ ಬದಿಯಲ್ಲಿ ಇರಬೇಕಾಗಿ ಬಂದದ್ದರಿಂದ ಜಾಗ ಸಾಲದೆ, ನಾಲ್ಕು ಸಿಲಿಂಡರುಗಳಿಗೆ ಎಂಟು ಪೋರ್ಟ್‌ಗಳ ಬದಲು ಐದನ್ನು ಮಾತ್ರ ಇಡಲಾಯಿತು: ಒಂದೊಂದು ಒಳದಾರಿಯನ್ನು ಇಬ್ಬಿಬ್ಬರು ನೆರೆಯವರು ಹಂಚಿಕೊಂಡರು, ನಡುವಿನ ಎರಡು ಸಿಲಿಂಡರುಗಳು ಹೊಗೆಯ ದಾರಿಯನ್ನೂ ಹಂಚಿಕೊಂಡವು. ಒಂದು, ಮೂರು, ನಾಲ್ಕು, ಎರಡು ಎಂಬ ಕ್ರಮದಲ್ಲಿ ಉರಿಯುವ ಎಂಜಿನ್ನಿನಲ್ಲಿ ಒಂದೇ ದಾರಿಯ ಪಾಲುದಾರರು ಒಬ್ಬರ ಬೆನ್ನಿಗೆ ಒಬ್ಬರು ಗಾಳಿ ಎಳೆಯುತ್ತಾರೆ, ಆಮೇಲೆ ಆ ದಾರಿ ಒಂದು ಪೂರ್ಣ ಸುತ್ತಿನಷ್ಟು ಕಾಲ ಬಹುಪಾಲು ಸುಮ್ಮನಿರುತ್ತದೆ. ಇದರಿಂದ ಒಳಗಿನ ಮತ್ತು ಹೊರಗಿನ ಸಿಲಿಂಡರುಗಳಿಗೆ ಸಮನಾದ ಮಿಶ್ರಣ ಸಿಗುವುದಿಲ್ಲ. ಕಾಗದದ ಮೇಲೆ ನೋಡಿದರೆ ವೇಗದ ಕಾರಿಗೆ ಇದಕ್ಕಿಂತ ಅಯೋಗ್ಯವಾದ ಹೆಡ್ಡು ಇರಲಾರದು. ಆದರೂ ಇದೇ ಹೆಡ್ಡನ್ನು ಹೊತ್ತ ಮಿನಿ ಕೂಪರ್ ಎಸ್ 1964, 1965 ಮತ್ತು 1967ರ ಮಾಂಟೆ ಕಾರ್ಲೊ ರ‍್ಯಾಲಿಗಳನ್ನು ಗೆದ್ದಿತು.

ಆ ಹೆಡ್ಡಿನಲ್ಲಿದ್ದ ಒಂದು ಒಳ್ಳೆಯ ಗುಣ ಎಕ್ಸೆಟರ್‌ನಲ್ಲಿ ಹುಟ್ಟಿದ ಹ್ಯಾರಿ ವೆಸ್ಲೇಕ್ ಅವರ ಕೊಡುಗೆ. 1920ರ ದಶಕದಲ್ಲಿ ಬೆಂಟ್ಲಿ ಎಂಜಿನ್ನುಗಳ ಮೇಲೆ ಕೆಲಸ ಮಾಡಿದ ವೆಸ್ಲೇಕ್, ಎಂಜಿನ್ನನ್ನು ಓಡಿಸಿ ಶಕ್ತಿಯನ್ನು ಅಳೆಯುವುದಕ್ಕೆ ಮೊದಲೇ ಹೆಡ್ಡಿನ ಮೂಲಕ ಗಾಳಿಯನ್ನು ಹರಿಸಿ ಅಳೆಯುವ ಪದ್ಧತಿಯನ್ನು ರೂಢಿಸಿದವರಲ್ಲಿ ಮುಖ್ಯರು. 1935ರಲ್ಲಿ ಎಸ್‌ಎಸ್ ಕಾರ್ಸ್ ಕಂಪನಿಯ ವಿಲಿಯಂ ಲಯನ್ಸ್ ಅವರಿಗಾಗಿ ಸ್ಟ್ಯಾಂಡರ್ಡ್ ಕಂಪನಿಯ ಪಕ್ಕವಾಲ್ವಿನ ಎಂಜಿನ್ನಿಗೆ ಮೇಲ್ವಾಲ್ವಿನ ಹೆಡ್ಡನ್ನು ರೂಪಿಸಿದಾಗ, ಸುಮಾರು 70 ಅಶ್ವಶಕ್ತಿಯ ಆ ಎಂಜಿನ್ ನೂರನ್ನು ದಾಟಿತು. ಜಾಗ್ವಾರ್ ಎಂಬ ಹೆಸರು ಹೊತ್ತ ಮೊದಲ ಕಾರುಗಳು ಈ ಎಂಜಿನ್ನಿನವು. ಆಸ್ಟಿನ್ನಿನ ಎ ಮತ್ತು ಬಿ ಸೀರೀಸ್ ಹೆಡ್ಡುಗಳಲ್ಲಿ ಕಾಣುವ ಹೃದಯಾಕಾರದ ದಹನಕೋಶ, ಎಂದರೆ ಎರಡು ವಾಲ್ವುಗಳ ನಡುವೆ ಒಂದು ಮೂಗು ಚಾಚಿ ಮಿಶ್ರಣವನ್ನು ಪ್ಲಗ್ಗಿನ ಕಡೆಗೆ ತಿರುಗಿಸುವ ಕೋಣೆ, ಅವರದೇ ವಿನ್ಯಾಸ. ಕರ್ನಾಟಕದ ಓದುಗರಿಗೂ ಈ ಆಕಾರ ಪರೋಕ್ಷವಾಗಿ ಪರಿಚಿತವೇ, ಏಕೆಂದರೆ ಹಿಂದೂಸ್ತಾನ್ ಮೋಟಾರ್ಸ್‌ನ ಅಂಬಾಸಡರ್ ಕಾರಿನಲ್ಲಿ ದಶಕಗಳ ಕಾಲ ಓಡಿದ 1489 ಸಿಸಿ ಪೆಟ್ರೋಲ್ ಎಂಜಿನ್ ಬಿ-ಸೀರೀಸ್‌ನದು, ಮತ್ತು ಅದರ ಕಬ್ಬಿಣದ ಹೆಡ್ಡಿನಲ್ಲಿಯೂ ಅದೇ ಐದು ಪೋರ್ಟ್‌ಗಳ ಹಂಚಿಕೆ ಇತ್ತು. ವಾಲ್ವ್ ಗ್ರೈಂಡಿಂಗ್‌ಗೆಂದು ಆ ಹೆಡ್ಡನ್ನು ಬಿಚ್ಚಿದ ಮೆಕ್ಯಾನಿಕ್‌ಗಳೆಲ್ಲರೂ ವೆಸ್ಲೇಕ್ ಅವರ ಕೈಬರಹವನ್ನು ನೋಡಿದವರೇ.

ಕಾರ್ಖಾನೆ ಬಿಟ್ಟುಕೊಟ್ಟ ಶಕ್ತಿಯನ್ನು ಕೈಯಿಂದ ಹೊರತೆಗೆದ ಪ್ರಸಿದ್ಧ ಕಾರ್ಯಾಗಾರ ವಿಲ್ಟ್‌ಷೈರ್ ಸೀಮೆಯ ಡೌನ್‌ಟನ್ ಎಂಬ ಹಳ್ಳಿಯಲ್ಲಿತ್ತು. ಡೇನಿಯಲ್ ರಿಚ್ಮಂಡ್ ಮತ್ತು ಅವರ ಪತ್ನಿ ಬಂಟಿ ನಡೆಸಿದ ಡೌನ್‌ಟನ್ ಎಂಜಿನಿಯರಿಂಗ್, ಮಿನಿ ಬಂದ ಮೇಲೆ ಅದರ ಹೆಡ್ಡುಗಳನ್ನು ತಿದ್ದಿ, ರಸ್ತೆಯಲ್ಲಿ ಸಲೀಸಾಗಿ ಓಡುತ್ತಲೇ ದೊಡ್ಡ ಕಾರುಗಳನ್ನು ಹಿಂದಿಕ್ಕುವ ಮಿನಿಗಳನ್ನು ಕೊಟ್ಟು ಹೆಸರು ಗಳಿಸಿತು. ಮಿನಿಯ ವಿನ್ಯಾಸಕ ಅಲೆಕ್ ಇಸಿಗೋನಿಸ್ ಅವರ ಮೆಚ್ಚುಗೆ ಪಡೆದ ರಿಚ್ಮಂಡ್ ಮುಂದೆ ಮಿನಿಯನ್ನು ತಯಾರಿಸುತ್ತಿದ್ದ ಬಿಎಂಸಿ ಕಂಪನಿಗೇ ಸಲಹೆಗಾರರಾದರು. ಅಲ್ಲಿ ಪಳಗಿದ ಕೈಗಳು ಹರಡಿಕೊಂಡ ರೀತಿ ಒಂದು ಗರಡಿಯ ಶಿಷ್ಯಪರಂಪರೆಯನ್ನು ನೆನಪಿಸುತ್ತದೆ: ಹಂಗೇರಿಯಿಂದ ಬಂದ ಯಾನ್ ಓಡೋರ್ 1962ರಲ್ಲಿ ಜಾನ್‌ಸ್ಪೀಡ್ ಎಂಬ ತಮ್ಮದೇ ಸಂಸ್ಥೆಯನ್ನು ಕಟ್ಟಿದರು, ರಿಚರ್ಡ್ ಲಾಂಗ್‌ಮನ್ 1978 ಮತ್ತು 1979ರಲ್ಲಿ ಮಿನಿ 1275 ಜಿಟಿಯಲ್ಲಿ ಬ್ರಿಟಿಷ್ ಸಲೂನ್ ಕಾರ್ ಚಾಂಪಿಯನ್‌ಷಿಪ್ ಗೆದ್ದರು.

ಅದೇ ಕಾಲದಲ್ಲಿ ಅಟ್ಲಾಂಟಿಕ್ ಆಚೆಗೆ ಈ ಕಸುಬು ಬೇರೊಂದು ಬೇರಿನಿಂದ ಬೆಳೆದಿತ್ತು. 1932ರ ಫೋರ್ಡ್ ವಿ8 ಎಂಜಿನ್ 65 ಅಶ್ವಶಕ್ತಿಯದು. ಅದರ ವಾಲ್ವುಗಳು ಬ್ಲಾಕಿನ ಪಕ್ಕದಲ್ಲಿದ್ದುದರಿಂದ ಪೋರ್ಟ್‌ಗಳು ಹೆಡ್ಡಿನಲ್ಲಿರದೆ ಬ್ಲಾಕಿನ ಒಡಲಲ್ಲೇ ಸುತ್ತಿ ಬರುತ್ತಿದ್ದವು. ಕ್ಯಾಲಿಫೋರ್ನಿಯದ ಮ್ಯೂರಾಕ್‌ನಂಥ ಒಣಸರೋವರಗಳ ಮೇಲೆ ವೇಗ ಪರೀಕ್ಷಿಸುತ್ತಿದ್ದ ಯುವಕರು ಆ ಪೋರ್ಟ್‌ಗಳನ್ನು ಹಿರಿದುಗೊಳಿಸಿ, ವಾಲ್ವಿಗೂ ಸಿಲಿಂಡರಿಗೂ ನಡುವಿನ ದಿಂಡನ್ನು ಕೆತ್ತಿ ತಗ್ಗಿಸಿ ಗಾಳಿಗೆ ಅಡ್ಡಿ ಇಲ್ಲದಂತೆ ಮಾಡುತ್ತಿದ್ದರು. 1955ರಲ್ಲಿ ಷೆವ್ರೊಲೆ ಕಂಪನಿಯ 265 ಘನ ಅಂಗುಲದ ಮೇಲ್ವಾಲ್ವಿನ ವಿ8 ಬಂದ ಮೇಲೆ ಕಸುಬಿನ ಕೇಂದ್ರ ಬ್ಲಾಕಿನಿಂದ ಹೆಡ್ಡಿಗೆ ಸರಿಯಿತು. ಹೆಡ್ಡಿನ ಕೊನೆಯಲ್ಲಿ ಒಂಟೆಯ ಗೂನಿನಂತೆ ಎರಡು ಉಬ್ಬುಗಳಿದ್ದ 1960ರ ದಶಕದ ಎರಕಗಳನ್ನು ಗುಜರಿ ಅಂಗಡಿಗಳಲ್ಲಿ ಹುಡುಕಿ ತರುವುದೇ ರಸ್ತೆಕಾರನ್ನು ಚುರುಕುಗೊಳಿಸುವ ಮೊದಲ ಹೆಜ್ಜೆಯಾಗಿತ್ತು.

ಈ ಎರಡೂ ದೇಶಗಳ ಕೈಕಸುಬಿನಲ್ಲಿ ಬೇರೂರಿದ್ದ ನಂಬಿಕೆಗಳು ಎರಡು: ಹಾದಿ ಹಿರಿದಾದಷ್ಟೂ ಒಳ್ಳೆಯದು, ಒಳಮೈ ಕನ್ನಡಿಯಂತೆ ಹೊಳೆದಷ್ಟೂ ಒಳ್ಳೆಯದು. ಗಿರಾಕಿಗೆ ಕಣ್ಣಿಗೆ ಕಾಣುವುದು ಹೊಳಪೇ ಆದ್ದರಿಂದ ಅದಕ್ಕೆ ಬೆಲೆಯೂ ಇತ್ತು. ಇವನ್ನು ಅಲುಗಾಡಿಸಿದ್ದು ಫ್ಲೋ ಬೆಂಚ್. ಅದರ ತತ್ತ್ವ ಸರಳ: ಹೆಡ್ಡನ್ನು ಸಿಲಿಂಡರಿನ ಅಳತೆಯ ಕೊಳವೆಯ ಮೇಲೆ ಕೂರಿಸಿ, ಕೆಳಗಿನಿಂದ ಮೋಟಾರುಗಳಿಂದ ಗಾಳಿಯನ್ನು ಹೀರಿ, ವಾಲ್ವನ್ನು ಹಂತಹಂತವಾಗಿ ಎತ್ತುತ್ತ, ಒತ್ತಡದ ವ್ಯತ್ಯಾಸವನ್ನು ಗಾಜಿನ ಕೊಳವೆಯಲ್ಲಿ ನೀರಿನ ಮಟ್ಟದ ಏರಿಳಿತದಿಂದ ಓದಿ, ನಿಮಿಷಕ್ಕೆ ಎಷ್ಟು ಘನ ಅಡಿ ಗಾಳಿ ಹಾದುಹೋಯಿತೆಂದು ಬರೆದಿಡುವುದು. ವಿಶ್ವವಿದ್ಯಾಲಯಗಳಲ್ಲೂ ದೊಡ್ಡ ಕಂಪನಿಗಳಲ್ಲೂ ಇಂಥ ಕೆಲಸ ಮೊದಲೇ ನಡೆದಿತ್ತು. ಮೆಸಾಚುಸೆಟ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಸಿ. ಫೇಯೆಟ್ ಟೇಲರ್ ಅವರ ಪ್ರಯೋಗಾಲಯ, ವಾಲ್ವಿನ ಬಳಿಯ ಗಾಳಿಯ ಸರಾಸರಿ ವೇಗವು ಶಬ್ದವೇಗದ ಸುಮಾರು 0.6 ಪಾಲನ್ನು ದಾಟಿದೊಡನೆ ಸಿಲಿಂಡರ್ ತುಂಬುವಿಕೆ ಕುಸಿಯುತ್ತದೆಂದು ತೋರಿಸಿತ್ತು. ಆದರೆ 1970ರ ದಶಕದಲ್ಲಿ ಸೂಪರ್‌ಫ್ಲೋ ಕಂಪನಿ ಮೇಜಿನ ಮೇಲೆ ಇಡಬಹುದಾದ ಬೆಂಚುಗಳನ್ನು ಮಾರತೊಡಗಿದ ಮೇಲೆಯೇ ಈ ಅಳತೆ ಬೀದಿಬದಿಯ ಕಾರ್ಯಾಗಾರಗಳ ಕೈಗೆ ಸಿಕ್ಕಿತು.

ಅಂಕಿಗಳು ತಿಳಿಸಿದ ಸಂಗತಿ ಹಳೆಯ ಕೈಗಳಿಗೆ ಅಷ್ಟು ಹಿತವಾಗಿರಲಿಲ್ಲ. ವಾಲ್ವ್ ಎದ್ದಾಗ ಅದರ ಅಂಚಿನ ಸುತ್ತ ತೆರೆಯುವ ಕಿಂಡಿಯ ವಿಸ್ತೀರ್ಣ ವಾಲ್ವಿನ ಸುತ್ತಳತೆಯನ್ನು ಎತ್ತರದಿಂದ ಗುಣಿಸಿದಷ್ಟು. ಅದು ವಾಲ್ವಿನ ತಲೆಯ ವಿಸ್ತೀರ್ಣಕ್ಕೆ ಸಮನಾಗುವುದು ಎತ್ತರವು ವ್ಯಾಸದ ಕಾಲುಭಾಗ ಮುಟ್ಟಿದಾಗ. 33.3 ಮಿಲಿಮೀಟರ್ ವಾಲ್ವಿಗೆ ಆ ಎತ್ತರ 8.3 ಮಿಲಿಮೀಟರ್, ಮತ್ತು ರಸ್ತೆಯ ಎ-ಸೀರೀಸ್ ಎಂಜಿನ್ನಿನ ವಾಲ್ವ್ ಅತ್ಯಂತ ಮೇಲೇರುವುದೇ ಸುಮಾರು 8 ಮಿಲಿಮೀಟರಿಗೆ. ಆದ್ದರಿಂದ ವಾಲ್ವ್ ತೆರೆದಿರುವ ಕಾಲದುದ್ದಕ್ಕೂ ಗಾಳಿಯನ್ನು ತಡೆಯುವುದು ಹಿಂದಿನ ಸುರಂಗಕ್ಕಿಂತ ಹೆಚ್ಚಾಗಿ ಸೀಟಿನ ಅಂಚೇ. ಸೀಟ್ ಎಂದರೆ ವಾಲ್ವ್ ಮುಚ್ಚಿದಾಗ ಒತ್ತಿ ಕೂರುವ ಬಳೆ. ಅದನ್ನು ಒಂದೇ 45 ಡಿಗ್ರಿ ಕೋನದಲ್ಲಿ ಬಿಡದೆ, ಮೇಲೆ 30 ಮತ್ತು ಕೆಳಗೆ 60 ಡಿಗ್ರಿಯ ಇನ್ನೆರಡು ಕಡಿತಗಳನ್ನು ಕೊಟ್ಟು, ಅದರ ಕೆಳಗಿನ ಒಂದೆರಡು ಸೆಂಟಿಮೀಟರ್ ಜಾಗವನ್ನು ನಯವಾಗಿ ಕೂಡಿಸಿದರೆ ಸಿಗುವ ಲಾಭ, ಇಡೀ ಪೋರ್ಟನ್ನು ಗಂಟೆಗಟ್ಟಲೆ ಉಜ್ಜಿ ಹೊಳಪಿಸಿದ್ದಕ್ಕಿಂತ ಹೆಚ್ಚೆಂದು ಬೆಂಚು ತೋರಿಸಿತು. ಎರಡನೆಯ ಪಾಠ ತಿರುವಿನದು. ಕಾಲುವೆಯ ತಿರುವಿನಲ್ಲಿ ನೀರು ಹೊರದಂಡೆಗೆ ಒತ್ತಿ ಹರಿದು ಒಳದಂಡೆಯ ಬಳಿ ಸುಳಿ ಬೀಳುವಂತೆ, ಪೋರ್ಟಿನ ನೆಲ ವಾಲ್ವಿನ ಕಡೆಗೆ ಥಟ್ಟನೆ ಬಾಗುವಲ್ಲಿ ಗಾಳಿ ಗೋಡೆಯನ್ನು ಬಿಟ್ಟು ಹಾರುತ್ತದೆ. ಆ ಮೂಲೆಯನ್ನು ಇನ್ನಷ್ಟು ಅಗೆದು ಹಿರಿದುಮಾಡಿದವರು ಹಾದಿಯನ್ನು ಕೆಡಿಸಿದರು, ಅದರ ಬಾಗನ್ನು ದುಂಡಗೆ ಉಳಿಸಿಕೊಂಡವರು ಗೆದ್ದರು. ಡೇವಿಡ್ ವಿಜಾರ್ಡ್ ಅವರ ಎ-ಸೀರೀಸ್ ಕುರಿತ ಪುಸ್ತಕ ಈ ಬಗೆಯ ಅಳತೆಗಳನ್ನು ಪುಟಪುಟದಲ್ಲಿ ಹಂಚಿದ್ದರಿಂದ, ಡೌನ್‌ಟನ್‌ನಂಥ ಮನೆತನಗಳ ಗುಟ್ಟಾಗಿದ್ದ ವಿದ್ಯೆ ಮನೆಯ ಷೆಡ್ಡಿನಲ್ಲಿ ಕೆಲಸ ಮಾಡುವ ಹವ್ಯಾಸಿಗೂ ತಲುಪಿತು.

ಆದರೆ ಬೆಂಚಿನ ಅಂಕಿಯೂ ಮೋಸ ಮಾಡಬಲ್ಲದು, ಮತ್ತು ಈ ವ್ಯಾಪಾರದಲ್ಲಿ ಅದು ಬಹಳಷ್ಟು ಮೋಸ ಮಾಡಿದೆ. ಹರಿವು ಒತ್ತಡದ ವರ್ಗಮೂಲದಂತೆ ಏರುವುದರಿಂದ, 10 ಅಂಗುಲ ನೀರಿನ ಒತ್ತಡದಲ್ಲಿ ಅಳೆದ ಹೆಡ್ಡನ್ನೇ 28 ಅಂಗುಲದಲ್ಲಿ ಅಳೆದರೆ ಅಂಕಿ 1.67 ಪಟ್ಟು ದೊಡ್ಡದಾಗಿ ಕಾಣುತ್ತದೆ. ಒತ್ತಡವನ್ನು ಹೇಳದೆ ಅಂಕಿಯನ್ನಷ್ಟೇ ಜಾಹೀರಾತಿನಲ್ಲಿ ಅಚ್ಚು ಹಾಕುವ ಚಾಳಿ ಹೀಗೆ ಹುಟ್ಟಿತು. ಅದಕ್ಕಿಂತ ಗಂಭೀರವಾದ ಮಿತಿಯೆಂದರೆ, ಬೆಂಚಿನ ಮೇಲೆ ಗಾಳಿ ಒಂದೇ ಸಮ ಹರಿಯುತ್ತದೆ, ಎಂಜಿನ್ನಿನಲ್ಲಿ ಅದು ನಿಂತು ಹೊರಟು ಮತ್ತೆ ನಿಲ್ಲುತ್ತದೆ. ಎ-ಸೀರೀಸ್‌ನಂತೆ ಇಬ್ಬರು ಒಂದೇ ದಾರಿಯನ್ನು ಹಂಚಿಕೊಂಡಿರುವಾಗ ಒಂದು ವಾಲ್ವನ್ನು ಮಾತ್ರ ತೆರೆದು ಅಳೆದ ಅಂಕಿ ನೆರೆಯವರ ಜಗಳವನ್ನು ತೋರಿಸಲಾರದು. ರಸ್ತೆಯ ಕಾರಿಗೆ ಇನ್ನೊಂದು ತೊಡಕು: ಪೋರ್ಟನ್ನು ಅತಿಯಾಗಿ ಹಿಗ್ಗಿಸಿದರೆ ಗರಿಷ್ಠ ಹರಿವು ಏರಿದರೂ ಕಡಿಮೆ ವೇಗದಲ್ಲಿ ಗಾಳಿ ಮಂದವಾಗಿ ಪೆಟ್ರೋಲಿನ ಹನಿಗಳು ಗೋಡೆಗೆ ಅಂಟುತ್ತವೆ, ಕಾರು ಪೇಟೆಯ ಸಿಗ್ನಲ್ಲಿನಲ್ಲಿ ಮುಗ್ಗರಿಸುತ್ತದೆ. ಒಳದಾರಿಯ ಗೋಡೆಯನ್ನು ಕನ್ನಡಿಯಂತೆ ಹೊಳಪಿಸದೆ ಸ್ವಲ್ಪ ಒರಟಾಗಿ ಬಿಡುವ ಇಂದಿನ ರೂಢಿಗೆ ಇದೇ ಕಾರಣ.

ಕಬ್ಬಿಣವೂ ತನ್ನ ಮಿತಿಯನ್ನು ಹೇಳಿತು. 1275 ಸಿಸಿ ಕೂಪರ್ ಎಸ್‌ನ ಸಿಲಿಂಡರ್ ವ್ಯಾಸ 70.6 ಮಿಲಿಮೀಟರ್, ಅದರ ಮೇಲೆ 35.7 ಮತ್ತು 31 ಮಿಲಿಮೀಟರ್ ವಾಲ್ವುಗಳನ್ನು ಪಕ್ಕಪಕ್ಕದಲ್ಲಿ ಕೂರಿಸಿದಾಗ ಅವುಗಳ ನಡುವೆ ಉಳಿದದ್ದು ಕಬ್ಬಿಣದ ಒಂದು ಸಣ್ಣ ಸೇತುವೆ. ಬೆಂಕಿ ಮತ್ತು ತಣ್ಣೀರಿನ ನಡುವೆ ಸಿಕ್ಕಿದ ಆ ಸೇತುವೆ ಬಿರುಕು ಬಿಡುವುದಕ್ಕೆ ಕುಖ್ಯಾತವಾಯಿತು, ಮುಂದಿನ ಎರಕಗಳಲ್ಲಿ ಹೊಗೆವಾಲ್ವನ್ನು ಚಿಕ್ಕದು ಮಾಡಲಾಯಿತು. ಹೊಗೆವಾಲ್ವ್ ಚಿಕ್ಕದಾದರೂ ರಸ್ತೆಕಾರಿನಲ್ಲಿ ಕಳೆದುಕೊಂಡದ್ದು ಅತ್ಯಲ್ಪ ಎಂಬುದು ದೊಡ್ಡದೇ ಒಳ್ಳೆಯದೆಂಬ ನಂಬಿಕೆಗೆ ಬಿದ್ದ ಇನ್ನೊಂದು ಪೆಟ್ಟು.

ಕೊನೆಯ ದೊಡ್ಡ ಬದಲಾವಣೆ ಎಂಜಿನಿಯರುಗಳಿಂದ ಬಾರದೆ ಪೆಟ್ರೋಲ್ ಬಂಕಿನಿಂದ ಬಂದಿತು. ಹಳೆಯ ಕಬ್ಬಿಣದ ಹೆಡ್ಡುಗಳಲ್ಲಿ ವಾಲ್ವ್ ಸೀಟನ್ನು ಹೆಡ್ಡಿನ ಮೈಯಲ್ಲೇ ಕಡಿಯುತ್ತಿದ್ದರು. ಪೆಟ್ರೋಲಿನಲ್ಲಿ ಬೆರೆಸಿದ ಸೀಸ ಉರಿದು ಉಳಿಸಿದ ತೆಳುಪದರ ಆ ಮೆದು ಕಬ್ಬಿಣವನ್ನು ಬಿಸಿ ವಾಲ್ವಿನ ಬಡಿತದಿಂದ ಕಾಯುತ್ತಿತ್ತು. ಅಮೆರಿಕದಲ್ಲಿ 1996ರಿಂದ, ಬ್ರಿಟನ್ನಿನಲ್ಲಿ 2000ದ ಜನವರಿಯಿಂದ, ಭಾರತದಲ್ಲಿ ಅದೇ ವರ್ಷದ ಫೆಬ್ರವರಿಯಿಂದ ಸೀಸ ಬೆರೆತ ಪೆಟ್ರೋಲ್ ರಸ್ತೆಯ ವಾಹನಗಳಿಗೆ ನಿಂತುಹೋದಾಗ, ಹೊಗೆಯ ಸೀಟು ಸವೆದು ವಾಲ್ವ್ ಹೆಡ್ಡಿನೊಳಗೆ ಇಳಿಯುವ ತೊಂದರೆ ಎದುರಾಯಿತು. ಅದಕ್ಕೆ ಪರಿಹಾರವೆಂದರೆ ಹಳೆಯ ಸೀಟನ್ನು ಕೊರೆದು ತೆಗೆದು ಗಟ್ಟಿ ಲೋಹದ ಬಳೆಯನ್ನು ಬಿಗಿಯಾಗಿ ಕೂರಿಸುವುದು. ಆ ಬಳೆಗೆ ಬೇಕಾದ ಆಳ ನೀರಿನ ಟೊಳ್ಳಿನ ತೀರ ಹತ್ತಿರಕ್ಕೆ ಹೋಗುತ್ತದೆ, ಹಿಂದೆ ಯಾರೋ ಹೊಗೆದಾರಿಯನ್ನು ಧಾರಾಳವಾಗಿ ಕೆತ್ತಿದ್ದರೆ ಬಳೆಗೆ ಹಿಡಿತವೇ ಸಿಗುವುದಿಲ್ಲ. ಹಾಗಾಗಿ ಈಗಿನ ಕಾರ್ಯಾಗಾರಗಳು ಐವತ್ತು ಅರವತ್ತು ವರ್ಷದ ಹೆಡ್ಡು ಬಂದೊಡನೆ ಮೊದಲು ಒತ್ತಡವಿಟ್ಟು ಬಿರುಕು ಹುಡುಕಿ, ಗೋಡೆಯ ದಪ್ಪವನ್ನು ಶಬ್ದತರಂಗದಿಂದ ಅಳೆದು, ಬಳೆ ಕೂರಿಸಿ, ಮೂರು ಕೋನಗಳ ಸೀಟು ಕಡಿದು, ಎಲ್ಲ ಮುಗಿದ ಮೇಲೆಯೇ ವಾಲ್ವಿನ ಕೆಳಗಿನ ಬಟ್ಟಲಿಗೆ ಉಜ್ಜುಕಲ್ಲನ್ನು ಒಯ್ಯುತ್ತವೆ. ಒಂದು ಕಾಲದಲ್ಲಿ ಅದೇ ಬಟ್ಟಲಿನಿಂದ ಕೆಲಸ ಶುರುವಾಗುತ್ತಿತ್ತು.