ಒಂದು ಪೊಟ್ಟಣ ಉಪ್ಪಿಗೆ 30 ರೂಪಾಯಿ

ನಾನೀಗ ಬಾಳೆಗುಳಿ ಕ್ರಾಸ್‌ನಲ್ಲಿ ನಿಂತಿದ್ದೀನಿ. ಹುಬ್ಬಳ್ಳಿ ರಸ್ತೆ ಬಂದು ಕರಾವಳಿ ಹೆದ್ದಾರಿಗೆ ಸೇರೋ ಜಾಗ. ಲಾರಿ ಹಾರ್ನ್ ಕೇಳಿದ್ರೆ ಸ್ವಲ್ಪ ಅಡ್ಜಸ್ಟ್ ಮಾಡ್ಕೊಳ್ಳಿ.

ಕಳೆದ ವರ್ಷ ಪರಿಚಯದವರ ತೋಟದ ಕರಿ ಇಶಾಡ ಮಾವು ಮಾರಿಕೊಡೋಕೆ ಹೋಗಿ ಮಂಗ ಆದೆ. ಬೆಂಗಳೂರಲ್ಲಿರೋ ನಮ್ಮ ಕಡೆಯವರ ಒಂದು ವಾಟ್ಸಾಪ್ ಗ್ರೂಪ್ ಸೇರಿ, ಸೇರಿದ ದಿನವೇ ರೇಟ್ ಕಾರ್ಡ್ ಹಾಕಿದೆ. 2023ರಲ್ಲಿ ಜಿಐ ಟ್ಯಾಗ್ ಸಿಕ್ಕಿದ ಹಣ್ಣು ಅಂತಾನೂ ಬರೆದೆ. ಒಂದು ಆರ್ಡರೂ ಬರಲಿಲ್ಲ. ಸಂಜೆ ಅಡ್ಮಿನ್ ನನ್ನನ್ನ ತೆಗೆದೇ ಹಾಕಿದ್ರು. ಅರ್ಧ ಹಣ್ಣು ಕೊಳೆತು ಹೋಯ್ತು. ಬಿಕಾಂನಲ್ಲಿ ಓದಿದ ಮಾರ್ಕೆಟಿಂಗ್ ಎಲ್ಲಿ ಕೈಕೊಟ್ಟಿತು? ಉತ್ತರ ಸಿಕ್ಕಿದ್ದು ನಮ್ಮೂರಿನ ಇತಿಹಾಸದಲ್ಲಿ.

1930ರ ಏಪ್ರಿಲ್ 13. ಎಂ.ಪಿ. ನಾಡಕರ್ಣಿಯವರ ಮುಂದಾಳತ್ವದಲ್ಲಿ ಅಂಕೋಲೆಯ ಜನ ಉಪ್ಪಿನ ಕಾನೂನು ಮುರಿದರು. ಆ ಉಪ್ಪಿನ ಮೊದಲ ಪೊಟ್ಟಣವನ್ನ ಹರಾಜು ಹಾಕಿದರು. 30 ರೂಪಾಯಿಗೆ ಹೋಯ್ತು! ಆಗ ಒಂದು ಮಣ, ಅಂದ್ರೆ ಸುಮಾರು 37 ಕಿಲೋ ಉಪ್ಪಿನ ಮೇಲಿದ್ದ ತೆರಿಗೆ 1 ರೂಪಾಯಿ 4 ಆಣೆ. ಕೊಂಡವರಿಗೆ ಉಪ್ಪಿನ ಬೆಲೆ ಗೊತ್ತಿರಲಿಲ್ವಾ? ಚೆನ್ನಾಗೇ ಗೊತ್ತಿತ್ತು. 'ನಾನೂ ನಿಮ್ಮ ಜೊತೆಗಿದ್ದೀನಿ' ಅಂತ ಎಲ್ಲರ ಎದುರು ಹೇಳೋಕೆ ಕೊಟ್ಟ ದುಡ್ಡು ಅದು.

ಇನ್ನೊಂದು ಹರಾಜಿನ ಕಥೆ ಕೇಳಿ. ಆಮೇಲೆ ಕರನಿರಾಕರಣೆ ಶುರುವಾಯ್ತು. ಅಂಕೋಲಾ, ಸಿದ್ದಾಪುರದ ರೈತರು ಕಂದಾಯ ಕಟ್ಟಲ್ಲ ಅಂದ್ರು. ಸರಕಾರ ಆಸ್ತಿ ಜಪ್ತಿ ಮಾಡಿ ಹರಾಜಿಗಿಟ್ಟಿತು. 1932ರಲ್ಲಿ ಸಿದ್ದಾಪುರದ ಮಾವಿನಗುಂಡಿಯಲ್ಲಿ, ಹಾಗೆ ಜಪ್ತಿಯಾದ ಆಸ್ತಿ ಕೊಂಡವರ ಮನೆ ಮುಂದೆ ಹೆಂಗಸರು ಉಪವಾಸ ಕೂತರು.

ಸತ್ಯಾಗ್ರಹವನ್ನ ಸೇಲ್ಸ್ ಟೆಕ್ನಿಕ್ ಅಂತ ನಾನು ಹೇಳ್ತಿಲ್ಲ. ಜನ ಜೈಲಿಗೆ ಹೋದ್ರು, ಜಮೀನು ಕಳ್ಕೊಂಡ್ರು. ಆದರೆ ಒಂದು ಮಾತು ಅಲ್ಲಿ ಸ್ಪಷ್ಟವಾಗಿ ಕಾಣುತ್ತೆ. ಜನ ಒಂದು ಗುಂಪಾದ ಮೇಲೆ ಏನು ಕೊಳ್ಳಬೇಕು, ಏನನ್ನ ಮುಟ್ಟಬಾರದು, ಎರಡನ್ನೂ ಗುಂಪೇ ತೀರ್ಮಾನ ಮಾಡುತ್ತೆ. ಆ ಉಪ್ಪು ಮಾರಿದವರು ಜನರ ಜೊತೆಗೇ ಬಿಸಿಲಲ್ಲಿ ನಿಂತವರು. ನಾನು ರೇಟ್ ಕಾರ್ಡ್ ಹಿಡ್ಕೊಂಡು ಒಳಗೆ ನುಗ್ಗಿದವನು.

ಈ ಸಲ ಬೇರೆ ಗ್ರೂಪ್. ಮಾವು ಹೂ ಬಿಟ್ಟಾಗಲೇ ಸೇರಿದೆ. ಹೂವಿನ ಫೋಟೋ ಹಾಕಿದೆ. ಹೂ ಉದುರಿದಾಗ ಅದನ್ನೂ ಮುಚ್ಚಿಡದೆ ಹೇಳಿದೆ. ಯಾರೋ ಊರಿಂದ ಪಾರ್ಸೆಲ್ ತರೋ ಬಸ್ ಕೇಳಿದ್ರು, ವಿಚಾರಿಸಿ ತಿಳಿಸಿದೆ. ರೇಟ್ ಇನ್ನೂ ಹಾಕಿಲ್ಲ. ನಿನ್ನೆ ಒಬ್ಬ ಅಕ್ಕ ತಾವಾಗೇ ಕೇಳಿದ್ರು: "ತಮ್ಮಾ, ಇಶಾಡ ಯಾವಾಗ ಕಳಿಸ್ತೆ?"