ಅಯಾನು ಬೋನುಗಳಲ್ಲಿ ಕ್ವಾಂಟಂ ಅನುಕರಣೆ

ಲೆಕ್ಕಕ್ಕೆ ಸಿಗದಷ್ಟು ಜಟಿಲವಾದ ಕ್ವಾಂಟಂ ವ್ಯವಸ್ಥೆಯ ವರ್ತನೆಯನ್ನು ಅರಿಯಲು, ಅದೇ ಸಮೀಕರಣಗಳಿಗೆ ಒಳಪಡುವ ಮತ್ತೊಂದು ಕ್ವಾಂಟಂ ವ್ಯವಸ್ಥೆಯನ್ನು ಪ್ರಯೋಗಾಲಯದಲ್ಲಿ ಕಟ್ಟಿ, ಅದನ್ನೇ ಅಳೆದು ಉತ್ತರ ಪಡೆಯುವ ವಿಧಾನಕ್ಕೆ ಕ್ವಾಂಟಂ ಅನುಕರಣೆ ಎಂದು ಹೆಸರು. ಇದರ ಅಗತ್ಯ ಒಂದು ಸರಳ ಎಣಿಕೆಯಿಂದಲೇ ತಿಳಿಯುತ್ತದೆ. ಮೇಲ್ಮುಖ, ಕೆಳಮುಖ ಎಂಬ ಎರಡೇ ಸ್ಥಿತಿಗಳುಳ್ಳ ಗಿರಕಿಗಳು, ಅಂದರೆ ಸ್ಪಿನ್‌ಗಳು, 50 ಇದ್ದರೆ ಅವುಗಳ ಒಟ್ಟು ಸ್ಥಿತಿಯನ್ನು ವಿವರಿಸಲು ಸುಮಾರು 11 ಕೋಟಿ ಕೋಟಿ ಸಂಖ್ಯೆಗಳು ಬೇಕು. 300 ಗಿರಕಿಗಳಿಗೆ ಬೇಕಾಗುವ ಸಂಖ್ಯೆಗಳು ಕಾಣುವ ವಿಶ್ವದಲ್ಲಿರುವ ಪರಮಾಣುಗಳಿಗಿಂತಲೂ ಹೆಚ್ಚು. ಕ್ವಾಂಟಂ ನಿಸರ್ಗವನ್ನು ಕ್ವಾಂಟಂ ಯಂತ್ರದಿಂದಲೇ ಅನುಕರಿಸಬೇಕೆಂದು ರಿಚರ್ಡ್ ಫೈನ್‌ಮನ್ 1981ರಲ್ಲಿ ವಾದಿಸಿದ್ದು ಈ ಕಾರಣದಿಂದ.

ಇಂಥ ಯಂತ್ರವನ್ನು ಅಯಾನುಗಳಿಂದ ಕಟ್ಟಬಹುದು. ಎಲೆಕ್ಟ್ರಾನನ್ನು ಕಳೆದುಕೊಂಡು ವಿದ್ಯುದಾವೇಶ ಪಡೆದ ಪರಮಾಣುವೇ ಇಲ್ಲಿ ಬಳಸುವ ಅಯಾನು. ಸ್ಥಿರವಾದ ವಿದ್ಯುತ್ ಕ್ಷೇತ್ರವೊಂದೇ ಅದನ್ನು ಎಲ್ಲ ದಿಕ್ಕುಗಳಿಂದಲೂ ಹಿಡಿದಿಡಲಾರದು. ಆದ್ದರಿಂದ ವೋಲ್ಫ್‌ಗಾಂಗ್ ಪೌಲ್ ರೇಡಿಯೋ ಆವರ್ತನದಲ್ಲಿ ಆಂದೋಲಿಸುವ ಕ್ಷೇತ್ರದ ಬೋನನ್ನು ರೂಪಿಸಿದರು, ಹ್ಯಾನ್ಸ್ ಡೆಮೆಲ್ಟ್ ಕಾಂತಕ್ಷೇತ್ರದ ನೆರವು ಪಡೆಯುವ ಪೆನ್ನಿಂಗ್ ಬೋನನ್ನು ಬೆಳೆಸಿದರು, ಇಬ್ಬರೂ 1989ರ ನೊಬೆಲ್ ಪ್ರಶಸ್ತಿಗೆ ಪಾತ್ರರಾದರು. ನಿರ್ವಾತದಲ್ಲಿ ಲೇಸರ್ ಬೆಳಕಿನಿಂದ ತಣಿಸಿದಾಗ ಅಯಾನುಗಳು ಪರಸ್ಪರ ವಿಕರ್ಷಿಸುತ್ತಲೇ ಕೆಲವು ಮೈಕ್ರೋಮೀಟರ್ ಅಂತರದಲ್ಲಿ ಸಾಲುಗಟ್ಟಿ ನಿಲ್ಲುತ್ತವೆ.

ಪ್ರತಿ ಅಯಾನಿನ ಎರಡು ಶಕ್ತಿಮಟ್ಟಗಳನ್ನು ಆರಿಸಿಕೊಂಡು ಅವನ್ನು ಗಿರಕಿಯ ಎರಡು ಮುಖಗಳೆಂದು ಬಗೆಯಲಾಗುತ್ತದೆ. ಲೇಸರ್ ಕಿರಣವು ಗಿರಕಿಯ ಸ್ಥಿತಿಗೆ ತಕ್ಕಂತೆ ಅಯಾನನ್ನು ತಳ್ಳಿದಾಗ ಆ ಅಲುಗಾಟ ವಿಕರ್ಷಣೆಯ ಮೂಲಕ ಇಡೀ ಸಾಲಿಗೆ ಹರಡುವುದರಿಂದ, ದೂರದ ಗಿರಕಿಗಳ ನಡುವೆಯೂ ನಂಟು ಏರ್ಪಡುತ್ತದೆ. ಆ ನಂಟಿನ ಬಲವನ್ನೂ ವ್ಯಾಪ್ತಿಯನ್ನೂ ಲೇಸರಿನ ಆವರ್ತನ ಬದಲಿಸಿ ಹೊಂದಿಸಬಹುದು. ಕೊನೆಯಲ್ಲಿ ಇನ್ನೊಂದು ಲೇಸರ್ ಬೆಳಗಿದರೆ ಒಂದು ಸ್ಥಿತಿಯ ಅಯಾನುಗಳು ಹೊಳೆಯುತ್ತವೆ, ಇನ್ನೊಂದು ಸ್ಥಿತಿಯವು ಕಪ್ಪಾಗಿ ಉಳಿಯುತ್ತವೆ. ಗಿರಕಿಗಳನ್ನು ಹೀಗೆ ಒಂದೊಂದಾಗಿ ಓದಬಹುದಾಗಿರುವುದೇ ಈ ವಿಧಾನದ ದೊಡ್ಡ ಹಿರಿಮೆ. ಇಂಥ ಗಿರಕಿಗಳಿಂದಲೇ ಕೂಡಿದ ನಿಜವಾದ ಕಾಂತದ ತುಂಡಿನಲ್ಲಿ ಇದು ಬಹುಮಟ್ಟಿಗೆ ಅಸಾಧ್ಯ.

ಈ ಯೋಜನೆಯನ್ನು ಡಿಯಾಗೋ ಪೋರಾಸ್ ಮತ್ತು ಇಗ್ನಾಸಿಯೋ ಸಿರಾಕ್ 2004ರಲ್ಲಿ ಮಂಡಿಸಿದರು. ಜರ್ಮನಿಯ ಗಾರ್ಷಿಂಗ್‌ನಲ್ಲಿ 2008ರಲ್ಲಿ ಎರಡು ಮೆಗ್ನೀಸಿಯಂ ಅಯಾನುಗಳಿಂದ ಅದು ಕಾರ್ಯರೂಪಕ್ಕೆ ಬಂತು. ಆದರೆ ವಿಧಾನದ ಸತ್ವವನ್ನು ಎಲ್ಲಕ್ಕಿಂತ ಸ್ಪಷ್ಟವಾಗಿ ತೋರಿಸಿದ್ದು ಅಮೆರಿಕದ ಮೇರಿಲ್ಯಾಂಡ್‌ನಲ್ಲಿ ಕ್ರಿಸ್ಟೋಫರ್ ಮನ್ರೋ ತಂಡ 2010ರಲ್ಲಿ ಪ್ರಕಟಿಸಿದ, ಮೂರೇ ಇಟರ್ಬಿಯಂ ಅಯಾನುಗಳ ಪ್ರಯೋಗ. ಪ್ರತಿ ಗಿರಕಿಯೂ ಉಳಿದೆರಡಕ್ಕೆ ವಿರುದ್ಧ ದಿಕ್ಕನ್ನು ಬಯಸಿದರೆ ಮೊದಲೆರಡು ಎದುರುಬದುರಾದ ಮೇಲೆ ಮೂರನೆಯದಕ್ಕೆ ಎರಡನ್ನೂ ಒಪ್ಪಿಸುವ ದಾರಿ ಇರುವುದಿಲ್ಲ. ಈ ಇಕ್ಕಟ್ಟಿಗೆ ಭೌತವಿಜ್ಞಾನದಲ್ಲಿ ಹತಾಶೆ ಎಂಬ ಅರ್ಥದ ‘ಫ್ರಸ್ಟ್ರೇಷನ್’ ಎಂಬ ಹೆಸರಿದೆ. ಸಾಧ್ಯವಿರುವ ಎಂಟು ಜೋಡಣೆಗಳಲ್ಲಿ ಆರು ಸಮಾನವಾಗಿ ಕನಿಷ್ಠ ಶಕ್ತಿಯವಾಗಿ ಉಳಿಯುತ್ತವೆ. ಅವುಗಳ ಕ್ವಾಂಟಂ ಬೆರಕೆಯಲ್ಲಿ ಗಿರಕಿಗಳು ಬೇರ್ಪಡಿಸಿ ವಿವರಿಸಲಾಗದಂತೆ ಹೆಣೆದುಕೊಳ್ಳುತ್ತವೆ ಎಂಬುದನ್ನು ಪ್ರಯೋಗ ನೇರವಾಗಿ ತೋರಿಸಿತು.

2012ರಲ್ಲಿ ಅಮೆರಿಕದ ಬೋಲ್ಡರ್ ನಗರದ ವಿಜ್ಞಾನಿಗಳು ಪೆನ್ನಿಂಗ್ ಬೋನಿನಲ್ಲಿ ಸುಮಾರು 300 ಬೆರಿಲಿಯಂ ಅಯಾನುಗಳನ್ನು ತ್ರಿಕೋನ ಜಾಲವಾಗಿ ನಿಲ್ಲಿಸಿದರು. 2016ರಲ್ಲಿ ಆಸ್ಟ್ರಿಯದ ಇನ್ಸ್‌ಬ್ರುಕ್ ತಂಡ ಕೇವಲ ನಾಲ್ಕು ಕ್ಯಾಲ್ಸಿಯಂ ಅಯಾನುಗಳಿಂದ, ನಿರ್ವಾತದಲ್ಲಿ ಎಲೆಕ್ಟ್ರಾನ್ ಮತ್ತು ಅದರ ಪ್ರತಿಕಣವಾದ ಪಾಸಿಟ್ರಾನ್ ಜೋಡಿಯಾಗಿ ಹುಟ್ಟುವ ಬಗೆಯನ್ನು ಅನುಕರಿಸಿ, ಕಾಂತವಿಜ್ಞಾನದ ಆಚೆಗೂ ಈ ಸಾಧನ ತಲುಪಬಲ್ಲದೆಂದು ತೋರಿಸಿತು.

ಆದರೆ ಸಾಲು ಉದ್ದವಾದಷ್ಟೂ ಅಯಾನುಗಳ ಕಂಪನದ ಬಗೆಗಳು ಹೆಚ್ಚಿ ನಿಯಂತ್ರಣ ಕಠಿಣವಾಗುತ್ತದೆ. ಅಯಾನುಗಳು ಬಿಸಿಯಾಗುವುದೂ ಲೇಸರಿನ ಅಸ್ಥಿರತೆಯೂ ಕ್ವಾಂಟಂ ಹೆಣಿಗೆಯನ್ನು ಸಡಿಲಿಸುತ್ತವೆ. ಉತ್ತರವನ್ನು ತಾಳೆ ನೋಡಲು ಸಾಮಾನ್ಯ ಗಣಕ ಸಾಲದೆ ಹೋದಾಗ, ಸಣ್ಣ ಗಾತ್ರದಲ್ಲಿ ಪರೀಕ್ಷಿಸಿದ ನಂಬಿಕೆಯ ಮೇಲೆಯೇ ಮುಂದುವರಿಯಬೇಕಾಗುತ್ತದೆ. ಈ ತೊಡಕುಗಳ ನಡುವೆಯೂ ಬೀಜಿಂಗಿನ ಚಿಂಗ್‌ಹುವಾ ವಿಶ್ವವಿದ್ಯಾಲಯದ ತಂಡ, ಅತಿಶೀತಲ ಬೋನೊಂದರಲ್ಲಿ 512 ಅಯಾನುಗಳ ಸಮತಲ ಸ್ಫಟಿಕವನ್ನು ಸ್ಥಿರವಾಗಿ ಹಿಡಿದು, 300 ಅಯಾನುಗಳ ಗಿರಕಿಗಳನ್ನು ಒಂದೊಂದಾಗಿ ಓದಿದ ಫಲಿತಾಂಶವನ್ನು 2024ರಲ್ಲಿ ಪ್ರಕಟಿಸಿತು.